ತಮಾಂಡಳ ಮಾವನಿಗೆ ಉಸಿರು ಕಟ್ಟಿದ್ದು

ನಮ್ಮೂರಿನಲ್ಲಿ ದೇಶದ ಮಾತು ಆಡುವವರಿಲ್ಲ, ಎಲ್ಲರೂ ಮನೆಯ ಮಾತನ್ನೇ ಆಡುತ್ತಾರೆ. ಹಾಗೆ ಆಡಬೇಕೆಂದು ಯಾರು ಯಾವಾಗ ಹೇಳಿದರೋ ತಿಳಿಯದು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಸರೋವರದ ಗಾಳಿಯ ಹಾಗೆ ಊರಿನಲ್ಲಿ ಇದ್ದೇ ಇತ್ತು. ರಾಜಧಾನಿಯಲ್ಲಿ ಕೂತು ಆಳುವವನಿಗೆ ನಾವು ಮಾವ ಅನ್ನುತ್ತೇವೆ. ಮಾವನಿಗೆ ಹಲ್ಲುನೋವು ಅಂದರೆ ಮಂತ್ರಿಯೊಬ್ಬ ತಿರುಗಿಬಿದ್ದಿದ್ದಾನೆ ಅಂತ. ಹಲ್ಲು ಕಿತ್ತರು ಅಂದರೆ ಆ ಮಂತ್ರಿಯ ಕಥೆ ಮುಗಿಯಿತು ಅಂತ. ಸೀಮೆಎಣ್ಣೆಯ ಬೆಲೆ ಏರಿದರೆ ಅತ್ತೆ ಅಡುಗೆಮನೆಗೆ ಬೀಗ ಜಡಿದಳು ಅನ್ನುತ್ತೇವೆ. ಮಾವನ ಮನೆ ಅಂದರೆ ಜೈಲು. ಇದೊಂದನ್ನು ಮಾತ್ರ ಹೊರಗಿನವರೂ ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ.

ಇದರಿಂದ ತೊಂದರೆ ಆಗುತ್ತಿದ್ದುದು ನಿಜವಾಗಿಯೂ ಮನೆ ಇದ್ದವರಿಗೆ. ನನ್ನದು ದೋಣಿಕಟ್ಟೆಯ ಎದುರಿಗಿರುವ ಸಣ್ಣ ವಸತಿಗೃಹ. ಒಂದು ಮಳೆಗಾಲದಲ್ಲಿ ಅದರ ಮಾಡು ಸೋರತೊಡಗಿತು. ಮೇಸ್ತ್ರಿಯನ್ನು ಕರೆದು ಹೇಳಿದೆ. ಅವನು ಆಚೀಚೆ ನೋಡಿ, ನನ್ನ ಕೈಯನ್ನು ಮೆತ್ತಗೆ ಅದುಮಿ, "ಎಲ್ಲಾ ಕಡೆ ಸೋರ್ತಾ ಇದೆ ತಾಯಿ, ಕಾಲ ಬರುತ್ತೆ," ಎಂದು ಹೊರಟೇಹೋದ. ಕೊನೆಗೆ ಅವನ ತೋಳು ಹಿಡಿದು ಒಳಗೆ ಎಳೆದು ತಂದು ಬಕೆಟ್ಟಿನ ಪಕ್ಕ ನಿಲ್ಲಿಸಬೇಕಾಯಿತು. ನೆತ್ತಿಯ ಮೇಲೆ ನೀರು ಬಿದ್ದ ಮೇಲೆ "ಓ, ಮಾಡು," ಅಂದ. ನಾವೆಲ್ಲ ಹೀಗೆಯೇ ಒಗ್ಗಿಕೊಂಡಿದ್ದೆವು. ಹಲ್ಲು ನೋಯುವವರು ವೈದ್ಯರ ಮುಂದೆ ಬಾಯಿ ತೆರೆದು ತೋರಿಸುತ್ತಿದ್ದರು, ಏನನ್ನೂ ಹೇಳುತ್ತಿರಲಿಲ್ಲ. ಗಂಡು ಒಪ್ಪಿಗೆಯಾಗದ ಹುಡುಗಿ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು.

ತಮಾಂಡ ಈ ಊರಿಗೆ ಸೊಸೆಯಾಗಿ ಬಂದವಳು. ಅವಳ ತವರು ಸರೋವರದ ನಡುವಿನ ಒಂದು ದ್ವೀಪ. ಅಲ್ಲಿಯ ಜನ ಮೀನಿಗೆ ಮೀನು ಅಂತಲೇ ಅನ್ನುತ್ತಾರೆ. ಗಂಡ ದೊಡ್ಡ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುವವನು, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಹಾಗಾಗಿ ಅವಳ ಪಾಲಿಗೆ ಆ ಮನೆ ಎಂದರೆ ಮಾವ ಗೊಂಡ್ವೆ. ಗೊಂಡ್ವೆ ಒಂದು ಕಾಲದಲ್ಲಿ ಅದೇ ದೋಣಿಯ ಚಾಲಕನಾಗಿದ್ದ. ಕೆಲಸ ಬಿಟ್ಟು ಬಂದ ಮೇಲೆ ಮನೆಯನ್ನು ದೋಣಿಯ ಹಾಗೆ ನಡೆಸತೊಡಗಿದ. ಸಕ್ಕರೆ ಡಬ್ಬಿ ಅವನ ಮಂಚದ ಕೆಳಗೆ. ರೇಡಿಯೋದ ಕಿವಿ ತಿರುಗಿಸುವ ಹಕ್ಕು ಅವನೊಬ್ಬನದು. ಜಗುಲಿಯ ತೋಳುಕುರ್ಚಿಯಲ್ಲಿ ಅವನಿಲ್ಲದಾಗಲೂ ಯಾರೂ ಕೂರುವಂತಿರಲಿಲ್ಲ. ಬೆಕ್ಕು ಕೂತಿತ್ತೆಂದು ಬೆಕ್ಕಿನ ಜೊತೆ ಒಂದು ವಾರ ಮಾತು ಬಿಟ್ಟಿದ್ದ.

ಮದುವೆಯಾದ ಹೊಸತರಲ್ಲಿ ತಮಾಂಡ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು, "ನಮ್ಮ ಮಾವನ ಕಾಟ ಸಾಕಾಗಿಹೋಯ್ತು ಕಣ್ರೀ. ಎಲ್ಲ ತನ್ನ ಕೈಲೇ ಇರಬೇಕು. ವಯಸ್ಸಾಯ್ತು, ಇನ್ನಾದರೂ ಬಿಟ್ಟುಕೊಡಬಾರದಾ?" ಅಂದಳು. ಇಬ್ಬರು ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ನಡೆದರು. ಮೂರನೆಯವಳು ಹತ್ತಿರ ಬಂದು, "ನಿನ್ನಂಥೋರು ಬೇಕಮ್ಮಾ ಈ ಊರಿಗೆ," ಎಂದು ಪಿಸುಗುಟ್ಟಿದಳು. ತಮಾಂಡಳಿಗೆ ಏನೂ ಅರ್ಥವಾಗಲಿಲ್ಲ. ಸಂಜೆಯ ಹೊತ್ತಿಗೆ ದ್ವೀಪದಿಂದ ಒಬ್ಬ ಗಟ್ಟಿಗಿತ್ತಿ ಬಂದಿದ್ದಾಳೆಂದು ಊರೆಲ್ಲ ಸುದ್ದಿಯಾಗಿತ್ತು. ಸಂತೆಯಲ್ಲಿ ಅವಳು ಇಟ್ಟಿದ್ದ ಹುರಿದ ಮೀನಿನ ಅಂಗಡಿಗೆ ಜನ ಮುಗಿಬಿದ್ದರು. ಮೀನು ಕೊಳ್ಳುತ್ತಾ, ಕಣ್ಣು ಮಿಟುಕಿಸಿ, "ಮಾವ ಹೇಗಿದ್ದಾರೆ?" ಎಂದು ಕೇಳುವರು. "ಹೇಗಿರ್ತಾರೆ, ತಲೆ ತಾನು ತಿಂದು ಮುಳ್ಳು ನನಗೆ ಕೊಡ್ತಾರೆ," ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುವಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಇನ್ನೆರಡು ಮೀನು ಕಟ್ಟಿಸಿಕೊಳ್ಳುವರು. ಗುಟ್ಟು ತಿಳಿದ ಮೇಲೂ ಅವಳು ಮಾತು ಬದಲಾಯಿಸಲಿಲ್ಲ. ವ್ಯಾಪಾರ ಚೆನ್ನಾಗಿತ್ತು.

ಆ ವರ್ಷ ನನ್ನ ವಸತಿಗೃಹಕ್ಕೆ ಇಂಗ್ರಿಡ್ ಎಂಬ ಮೇಡಂ ಬಂದಿಳಿದರು. ಚಳಿ ದೇಶದ ಯಾವುದೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ನಮ್ಮ ಕಡೆಯವರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳನ್ನೆಲ್ಲ ಓದಿದ್ದರು, ನಮ್ಮ ಭಾಷೆಯನ್ನೂ ಚೆನ್ನಾಗಿಯೇ ಕಲಿತಿದ್ದರು. ನಮ್ಮೂರಿನವನೇ ಒಬ್ಬ ಪರದೇಶದಲ್ಲಿ ಕೂತು ಅಂಥದ್ದೊಂದು ಕಾದಂಬರಿ ಬರೆದಿದ್ದ. ಅದರಲ್ಲಿ ಒಬ್ಬ ಅತ್ತೆಗೆ ಸಕ್ಕರೆ ಕಾಯಿಲೆಯಾಗಿ ಕಾಲು ಕತ್ತರಿಸುತ್ತಾರಂತೆ. ಆ ಕಾಲು ದೇಶದಿಂದ ಬೇರೆಯಾಗಲು ಹೊರಟ ಉತ್ತರದ ಪ್ರಾಂತ್ಯ ಎಂದು ಮೇಡಂ ನನಗೆ ವಿವರಿಸಿದರು. "ನಿಮ್ಮ ಕಾದಂಬರಿಗಳಲ್ಲಿ ಯಾರಿಗೂ ಸುಮ್ಮನೆ ನೆಗಡಿ ಆಗಲ್ಲ, ದೇಶಕ್ಕೇ ನೆಗಡಿ ಆಗಿರುತ್ತೆ," ಅಂದರು. ಕಾದಂಬರಿ ಬರೆದವನ ತಾಯಿ ನನ್ನ ಹಳೆಯ ಗೆಳತಿ. ಅವಳ ನಾದಿನಿಗೆ ನಿಜವಾಗಿಯೂ ಒಂದು ಕಾಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಮೇಡಂ ಅಷ್ಟು ಸಂತೋಷವಾಗಿದ್ದರು, ಸುಮ್ಮನಾದೆ.

ಒಂದು ದಿನ ಮಧ್ಯಾಹ್ನ ತಮಾಂಡ ಅಂಗಡಿ ಮುಚ್ಚಿ ಮನೆಗೆ ಹೋದಾಗ ಗೊಂಡ್ವೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡು ಕೈಯಿಂದಲೂ ಮೊಣಕಾಲು ಹಿಡಿದು ಕೂತಿದ್ದ. ಎದೆಯೊಳಗೆ ನೀರು ಕುದಿಯುವಂಥ ಸದ್ದು. ತುಟಿ ನೇರಳೆಹಣ್ಣು ತಿಂದವನ ತುಟಿಯ ಹಾಗಿತ್ತು. ಮಲಗಿಸಲು ಹೋದಳು, ಮಲಗಿದರೆ ಇನ್ನೂ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆ ಇರುವುದು ಗುಡ್ಡದ ಮೇಲೆ. ಅಲ್ಲಿಗೆ ಗಾಡಿ ಹತ್ತುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಗಂಡನ ದೋಣಿ ಆಚೆ ದಡದಲ್ಲಿತ್ತು. ಅವಳು ಚಪ್ಪಲಿ ಮೆಟ್ಟದೆ ಓಡಿದಳು.

ಮೊದಲು ಸಿಕ್ಕಿದವನು ಪಕ್ಕದ ಬೀದಿಯ ಬಡಗಿ ಬಾಂಡ. "ಬಾಂಡಣ್ಣ, ಮಾವನಿಗೆ ಉಸಿರು ಸಿಕ್ತಾ ಇಲ್ಲ. ಎತ್ತೋಕೆ ನಾಲ್ಕು ಜನ ಗಂಡಸರು ಬೇಕು, ಈಗಲೇ ಬೇಕು."

ಬಾಂಡನ ಕೈಯಲ್ಲಿದ್ದ ಉಜ್ಜುಗೊರಡು ನಿಂತಿತು. "ಖಚಿತವಾ?"

"ನಾನೇ ಕಣ್ಣಾರೆ ನೋಡಿ ಬಂದೆ. ತುಟಿ ಎಲ್ಲ ನೀಲಿಗಟ್ಟಿದೆ."

"ನೀನೇ ನೋಡಿದ್ಯಾ," ಎಂದು ಬಾಂಡ ನಿಧಾನವಾಗಿ ಹೇಳಿದ. "ಎಷ್ಟು ಹೊತ್ತು ತಡೀಬಹುದು?"

"ಸಂಜೆ ತನಕ ತಡೆಯೋದೂ ಅನುಮಾನ. ಬಾ ಅಣ್ಣ." ಅವಳು ಅವನ ತೋಳು ಹಿಡಿದು ಎಳೆದಳು. ಬೇರೆ ದಿನವಾಗಿದ್ದರೆ ತೋಳು ಎಳೆದದ್ದು ಕೆಲಸ ಮಾಡುತ್ತಿತ್ತು. ಆದರೆ ಮಾವನನ್ನು ಎತ್ತಲು ನಾಲ್ಕು ಜನ ಗಂಡಸರು ಬೇಕೆಂದು ಯಾರಾದರೂ ಬಂದು ತೋಳು ಎಳೆದರೆ ಬಾಂಡನಂಥ ಸಂಸಾರಸ್ಥ ಏನು ತಿಳಿಯಬೇಕು? ಅವನು ತೋಳು ಬಿಡಿಸಿಕೊಂಡ. "ನನಗೆ ಮಕ್ಕಳಿದಾವೆ ತಂಗಿ. ಎತ್ತೋ ಕೆಲಸ ನನ್ನ ಕೈಲಾಗಲ್ಲ. ಆದ್ರೆ ದೇವರು ನಿಮ್ಮ ಜೊತೆ ಇರಲಿ," ಎಂದು ಬಾಗಿಲು ಹಾಕಿಕೊಂಡ. ಒಳಗಿನಿಂದ ಅವನ ಹೆಂಡತಿ ಕೇಕೆ ಹಾಕಿದ್ದು ತಮಾಂಡಳಿಗೆ ಕೇಳಿಸಿತು. ಆಮೇಲೆ ಕೋಳಿಯೊಂದು ಕೂಗಿ ಸುಮ್ಮನಾದದ್ದೂ ಕೇಳಿಸಿತು.

ಅವಳು ಇನ್ನೂ ಮೂರು ಮನೆ ಬಾಗಿಲು ಬಡಿದಳು. ಎಲ್ಲ ಕಡೆಯೂ ಅದೇ ಆಯಿತು. ಸುದ್ದಿ ಅವಳಿಗಿಂತ ಜೋರಾಗಿ ಓಡುತ್ತಿತ್ತು. ನನ್ನ ಜಗುಲಿಯಲ್ಲಿ ಇಂಗ್ರಿಡ್ ಮೇಡಂ ಕೂತಿರುವುದನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಪರದೇಶದವರು, ಇವರಿಗಾದರೂ ಮಾತು ಮಾತಾಗಿಯೇ ಕೇಳಿಸೀತು ಅಂದುಕೊಂಡಳು.

"ಮೇಡಂ, ನಮ್ಮ ಮಾವ ಸಾಯ್ತಿದ್ದಾರೆ. ಕುರ್ಚಿಯಿಂದ ಏಳೋಕೆ ಆಗ್ತಿಲ್ಲ."

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಕುರ್ಚಿಯಿಂದ ಏಳೋಕೆ ಆಗ್ತಿಲ್ಲ," ಎಂದು ಮೆಲ್ಲಗೆ ಪುನರುಚ್ಚರಿಸಿದರು, ಒಳ್ಳೆಯ ತಿಂಡಿಯನ್ನು ಎರಡನೇ ಸಲ ಬಾಯಿಗೆ ಹಾಕಿಕೊಂಡವರಂತೆ. "ಯಾವ ಕುರ್ಚಿ ತಮಾಂಡ?"

"ಮರದ ಕುರ್ಚಿ ಮೇಡಂ."

"ಆಹಾ," ಅಂದರು ಮೇಡಂ.

ಅಷ್ಟರಲ್ಲಿ ಊರಿಗೆ ಹಬ್ಬ ಬಂದಿತ್ತು. ಗಟ್ಟಿಯಾಗಿ ಯಾರೂ ಏನೂ ಹೇಳುತ್ತಿರಲಿಲ್ಲ. ಆದರೆ ಪ್ರತಿ ಮನೆಯ ಹಿತ್ತಿಲಿನಿಂದಲೂ ಹೊಗೆ ಏಳುತ್ತಿತ್ತು. ಶಾಲೆಯವರು ಮಕ್ಕಳನ್ನು ಬೇಗ ಬಿಟ್ಟರು. ಅಂಗಡಿಗಳಲ್ಲಿ ಕಡ್ಡಾಯವಾಗಿ ತೂಗುಹಾಕಿದ್ದ ರಾಜಧಾನಿಯ ಮಾವನ ಭಾವಚಿತ್ರ ಅದು ಹೇಗೋ ಗೋಡೆಯ ಕಡೆ ಮುಖ ಮಾಡಿತು. ನಾನು ಎರಡು ದೊಡ್ಡ ಮೀನು ಹುರಿಯಲು ಇಟ್ಟೆ, ಹಬ್ಬದ ದಿನ ಹಾಕುವ ಖಾರವನ್ನೇ ಹಾಕಿ. ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಇನ್ಸ್‌ಪೆಕ್ಟರ್ ಕಪೊಲೊ ತನ್ನ ಕೈಯಾರೆ ಒಂದು ಹುಂಜವನ್ನು ಕೊಯ್ದದ್ದನ್ನು ಬೇಲಿಯಾಚೆಯಿಂದ ಐದಾರು ಜನ ನೋಡಿದರು.

ತಮಾಂಡ ಮನೆಗೆ ಹಿಂದಿರುಗಿದಳು. ಗೊಂಡ್ವೆಗೆ ಈಗ ಮಾತು ತುಂಡುತುಂಡಾಗಿ ಬರುತ್ತಿತ್ತು. "ಎಲ್ಲಿ... ಜನ?" ಅಂದ. "ಬರ್ತಾರೆ ಮಾವ," ಅಂದಳು. "ಯಾರೂ... ಬರಲ್ವಾ?" ಅಂದ. ಆ ಮನೆಯಲ್ಲಿ ಅವನು ಅದುವರೆಗೂ ಅಪ್ಪಣೆ ಕೊಟ್ಟಿದ್ದನೇ ಹೊರತು ಇಂಥ ಪ್ರಶ್ನೆ ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಅವಳು ಮತ್ತೆ ಹೊರಗೆ ಬಿದ್ದಳು.

ಆಮೇಲೆ ನಡೆದದ್ದನ್ನು ಜನ ಅವಳ ಜಾಣತನ ಅನ್ನುತ್ತಾರೆ. ಜಾಣತನವೂ ಅಲ್ಲ ಮಣ್ಣೂ ಅಲ್ಲ, ಸಿಟ್ಟು, ಎಂದು ಅವಳೇ ನನಗೆ ಹೇಳಿದ್ದಾಳೆ. ನನ್ನ ಮನೆ ನನ್ನದಲ್ಲ, ನನ್ನ ಮಾವ ನನ್ನ ಮಾವನಲ್ಲ, ಅವನ ಸಾವೂ ಇವರಿಗೆ ಬೇಕಾಯಿತು ಎಂದು ಹೊಟ್ಟೆ ಉರಿಯಿತಂತೆ. ಇವರಿಗೆ ಕೇಳಬಾರದ ಮಾತನ್ನೇ ಕೇಳಿಸಿ ಜೈಲಿಗಾದರೂ ಹೋಗುತ್ತೇನೆ ಎಂದು ಸಂತೆಯ ನಡುವೆ ಜೋಡಿಸಿಟ್ಟಿದ್ದ ಉಪ್ಪಿನ ಮೂಟೆಗಳ ಮೇಲೆ ಹತ್ತಿ ನಿಂತಳು. ಕೊತ್ತಂಬರಿ, ಈರುಳ್ಳಿ ಕೊಳ್ಳಲು ಇಡೀ ಊರೇ ಅಲ್ಲಿ ನೆರೆದಿತ್ತು.

"ಕೇಳ್ರಪ್ಪಾ," ಅಂದಳು. "ಈ ದೇಶದ ಅಧ್ಯಕ್ಷರು ಸಾಯ್ತಿದ್ದಾರೆ. ಅವರಿಗೆ ಉಸಿರು ಸಿಕ್ತಾ ಇಲ್ಲ."

ಇದನ್ನು ಬರೆಯುವಾಗ ಈಗಲೂ ನಾನು ಒಮ್ಮೆ ಬಾಗಿಲ ಕಡೆ ನೋಡುತ್ತೇನೆ. ಆ ಪದವನ್ನು ನಮ್ಮಲ್ಲಿ ಎಷ್ಟೋ ಜನ ಹುಟ್ಟಿದಾಗಿನಿಂದ ಒಬ್ಬ ಮನುಷ್ಯನ ಬಾಯಿಂದ ಕೇಳಿರಲಿಲ್ಲ. ಸಂತೆ ಕಲ್ಲಾಯಿತು. ತಕ್ಕಡಿ ಹಿಡಿದವಳ ತಕ್ಕಡಿ ಹಾಗೆಯೇ ಗಾಳಿಯಲ್ಲಿ ನಿಂತಿತು. ಇಷ್ಟು ಬಿಚ್ಚಿ ಆ ಮಾತನ್ನು ಆ ಅರ್ಥದಲ್ಲಿ ಯಾವ ಹುಚ್ಚಿಯೂ ಹೇಳಲಾರಳು. ಹಾಗಾದರೆ ಇವಳು ಹೇಳುತ್ತಿರುವುದೇನು? ಎಲ್ಲರೂ ಯೋಚಿಸಿದರು. ಬಡಗಿ ಬಾಂಡನ ಮುಖ ಮೊದಲು ಬದಲಾಯಿತು.

"ಅಯ್ಯೋ ಪಾಪ," ಅಂದ. "ಇವಳ ಮಾವನಿಗೆ ಏನೋ ಆಗಿದೆ ಕಣ್ರೋ. ಮುದುಕ ಗೊಂಡ್ವೆಗೆ."

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಈರುಳ್ಳಿ ಅಲ್ಲೇ ಉರುಳಿತು. ಬಾಂಡ ಮತ್ತು ಇನ್ನೂ ಕೆಲವರು ಗೊಂಡ್ವೆಯನ್ನು ಕುರ್ಚಿಸಮೇತ ಎತ್ತಿ ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತಿದರು. ಹೆಂಗಸರು ಬೀಸಣಿಗೆ ಹಿಡಿದು ಜೊತೆಗೆ ಓಡಿದರು. ಇಂಗ್ರಿಡ್ ಮೇಡಂ ಕೊಡೆ ಬಿಚ್ಚಿ ಮುದುಕನ ತಲೆಗೆ ನೆರಳು ಹಿಡಿದಿದ್ದರು, ಮುಖ ಹೊಳೆಯುತ್ತಿತ್ತು. ಅರ್ಧ ದಾರಿಯಲ್ಲಿ ಗೊಂಡ್ವೆಯ ತಲೆ ಒಂದು ಕಡೆ ವಾಲಿ ಅವರ ತೋಳಿಗೆ ತಾಗಿತು. ಅವನ ಬೆವರು ಅವರ ಅಂಗಿಗೆ ಹತ್ತಿತು. ಆಗ ಮೇಡಂ ಬೆಚ್ಚಿಬಿದ್ದು, "ಇವರಿಗೆ ನಿಜವಾಗ್ಲೂ ಹುಷಾರಿಲ್ಲ," ಅಂದರು. "ಬೇಗ ನಡೀರಿ," ಎಂದು ಎಲ್ಲರಿಗಿಂತ ಜೋರಾಗಿ ಅವರೇ ಕೂಗತೊಡಗಿದರು.

ವೈದ್ಯರು ಸೂಜಿ ಚುಚ್ಚಿ, ಮೂಗಿಗೆ ನಳಿಗೆ ಇಟ್ಟು, ಹೃದಯ ದಣಿದು ಎದೆಗೆ ನೀರು ಇಳಿದಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು. ಸಂಜೆಗೆ ಗೊಂಡ್ವೆಯ ತುಟಿಗೆ ಬಣ್ಣ ಬಂತು. ಬಂದ ಕೂಡಲೇ ಚಹಾ ತಣ್ಣಗಿದೆ ಎಂದು ಸಿಡುಕಿದ. ತಮಾಂಡ ಗೋಡೆಗೆ ಒರಗಿ ಕೂತು ಒಂದಷ್ಟು ಹೊತ್ತು ಅತ್ತಳು.

ಅದೇ ಸಂಜೆ ರೇಡಿಯೋದಲ್ಲಿ ಇನ್ನೊಬ್ಬ ಮಾವ ಎಂದಿನ ಗಟ್ಟಿ ದನಿಯಲ್ಲಿ ಜೋಳದ ಬೀಜದ ಬಗ್ಗೆ ಸುದೀರ್ಘವಾಗಿ ಮಾತಾಡಿದ. ಕೆಮ್ಮಲಿಲ್ಲ ಕೂಡ. ಊರು ತಲೆ ತಗ್ಗಿಸಿ ಕೇಳಿತು. ಭಾವಚಿತ್ರಗಳು ಮತ್ತೆ ಈಚೆ ಮುಖ ತಿರುಗಿಸಿದವು. ಮಾಡಿದ ಅಡುಗೆ ಮಾತ್ರ ಮಾಡಿಯಾಗಿತ್ತು, ಬಿಸಾಡುವಂತಿರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಉಂಡರು. ನನ್ನ ಮೀನಿಗೆ ಖಾರ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಕಪೊಲೊ ಟೋಪಿ ಸರಿಮಾಡಿಕೊಂಡು ಆಸ್ಪತ್ರೆಗೆ ಬಂದ. ಸಂತೆಯ ಮಾತು ಮೇಲಿನವರ ಕಿವಿಗೆ ಬೀಳುವ ಮೊದಲು ತಾನೇ ಕ್ರಮ ಕೈಗೊಂಡಿದ್ದೇನೆಂದು ತೋರಿಸಬೇಕಿತ್ತು ಅವನಿಗೆ. ತಮಾಂಡಳನ್ನು ಕರೆದೊಯ್ಯಲು ಬಂದಿದ್ದೇನೆ ಅಂದ. ಅವಳು ಮಾವನ ಮಂಚದ ಹಿಂದಕ್ಕೆ ಸರಿದಳು. ಹಿಂದಿನ ದಿನದ ಸಿಟ್ಟು ಒಂದು ಚೂರೂ ಉಳಿದಿರಲಿಲ್ಲ.

"ಏನು ಮಾಡಿದ್ದಾಳೆ ನನ್ನ ಸೊಸೆ?" ದಿಂಬಿಗೊರಗಿದ್ದ ಗೊಂಡ್ವೆ ಕೇಳಿದ.

"ಸಂತೆಯಲ್ಲಿ ಒಂದು ಮಾತು ಹೇಳಿದ್ದಾಳೆ."

"ಏನು ಮಾತು?"

"ಅದನ್ನ ನಾನು ಹೇಳೋ ಹಾಗಿಲ್ಲ."

"ನೀವು ಹೇಳ್ದೆ ಹೋದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ನಿಮ್ಮ ಮೇಲಿನವರಿಗೆ ಹೇಗೆ ಗೊತ್ತಾಗ್ಬೇಕು?"

ಕಪೊಲೊ ಇದನ್ನು ಯೋಚಿಸಿರಲಿಲ್ಲ. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ಗೊಂಡ್ವೆ ಕೆಮ್ಮಿ, ಉಸಿರು ಎಳೆದುಕೊಂಡು, ವಾರ್ಡಿನ ಆ ತುದಿಗೂ ಕೇಳಿಸುವಂತೆ ಹೇಳಿದ: "ಅದಿರಲಿ ಬಿಡಿ. ನನಗೆ ಬೇರೆ ಒಂದು ನೋವಿದೆ. ನಿನ್ನೆ ಮಾವ ಸಾಯ್ತಾನೆ ಅಂತ ಸುದ್ದಿ ಬಂದಾಗ ನಿಮ್ಮನೇಲಿ ಹುಂಜ ಕೊಯ್ದರಂತೆ. ನೀವೇ ಕೊಯ್ದಿರಂತೆ. ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ ಸ್ವಾಮಿ?"

ವಾರ್ಡಿನಲ್ಲಿದ್ದವರೆಲ್ಲ ಹಾಸಿಗೆಯಲ್ಲಿ ಎದ್ದು ಕೂತರು. ಕಪೊಲೊ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಹುಂಜ ಕೊಯ್ದದ್ದು ಸುಳ್ಳು ಅನ್ನುವಂತಿಲ್ಲ, ಬೇಲಿಯಾಚೆ ಸಾಕ್ಷಿಗಳಿದ್ದರು. ನಿನಗಾಗಿ ಕೊಯ್ದದ್ದಲ್ಲ ಅಂದರೆ ಮತ್ತೆ ಯಾವ ಮಾವನಿಗಾಗಿ ಎಂಬ ಪ್ರಶ್ನೆ ಬರುತ್ತಿತ್ತು.

"ನಿಮಗೇ," ಎಂದ ಕೊನೆಗೆ, ದನಿ ತಗ್ಗಿಸಿ. "ನಿಮ್ಮ ಸಾವಿನ ಸುದ್ದಿಗೇ ಕೊಯ್ದೆ."

"ಯಾಕೆ?"

"ನೀವು... ನೀವು ದೋಣಿ ಓಡಿಸೋ ಕಾಲದಲ್ಲಿ ಒಂದು ಸಲ ನನ್ನನ್ನ ದಡದಲ್ಲೇ ಬಿಟ್ಟು ಹೋಗಿದ್ರಿ."

"ಬಿಟ್ಟಿರ್ತೀನಿ," ಅಂದ ಗೊಂಡ್ವೆ ಗಂಭೀರವಾಗಿ. "ಹಾಗಾದ್ರೆ ನಿನ್ನೆ ಸುದ್ದಿ ಇದ್ದದ್ದು ನನ್ನದೇ, ಸೊಸೆ ಹೇಳಿದ್ದು ನನ್ನ ವಿಷಯವೇ ಅಂತ ನೀವೇ ಒಪ್ಪಿದ ಹಾಗಾಯ್ತು. ಕ್ಷಮೆ ಕೇಳಿ, ಹೋಗಿ."

ಕಪೊಲೊ ಕ್ಷಮೆ ಕೇಳಿದ. ಹೋದ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಗೊಂಡ್ವೆ ಇದನ್ನೇ ಒಂದು ಕಸುಬು ಮಾಡಿಕೊಂಡ. ಅವತ್ತು ಯಾರ ಯಾರ ಹಿತ್ತಿಲಿನಲ್ಲಿ ಹೊಗೆ ಎದ್ದಿತ್ತೆಂದು ವಿಚಾರಿಸಿಕೊಂಡು, ಸೊಸೆಯ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮನೆಗೆ ಹೋಗುವನು. ಜಗುಲಿಯಲ್ಲಿ ಕೂತು ನಿಟ್ಟುಸಿರಿಟ್ಟು, "ನಾನು ಸತ್ತೆ ಅಂತ ಊಟ ಮಾಡಿದ್ರಂತೆ," ಅನ್ನುವನು. ಅದು ನಿನಗಲ್ಲ ಎಂದು ಯಾರು ಹೇಳಲಾದೀತು? ಎಲ್ಲರೂ ಒಲೆ ಹಚ್ಚಿದರು. ಬಾಂಡನ ಮನೆಯಲ್ಲಿ ಕೋಳಿ, ಮೇಸ್ತ್ರಿಯ ಮನೆಯಲ್ಲಿ ಕಡಲೆಕಾಯಿ ಸಾರು, ನಮ್ಮ ಮನೆಯಲ್ಲಿ ಎರಡು ದೊಡ್ಡ ಮೀನು. ನನ್ನ ಮೀನನ್ನು ಮುಳ್ಳಿನ ಮೇಲೆ ಏನೂ ಉಳಿಯದಂತೆ ತಿಂದು, "ಇಷ್ಟು ಖಾರ ಹಾಕೋಷ್ಟು ದ್ವೇಷ ಇತ್ತಾ ನನ್ನ ಮೇಲೆ?" ಅಂದ. ವೈದ್ಯರು ಉಪ್ಪು ಬಿಡಲು ಹೇಳಿದ್ದನ್ನು ತಮಾಂಡ ನೆನಪಿಸಿದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇಂಗ್ರಿಡ್ ಮೇಡಂ ತಮ್ಮ ದೇಶಕ್ಕೆ ಹಿಂತಿರುಗಿ ಒಂದು ಲೇಖನ ಬರೆದರು. ಹೆಗಲ ಮೇಲಿನ ಕುರ್ಚಿ ಪ್ರಭುತ್ವ, ಅದನ್ನು ಹೊತ್ತ ನಾಲ್ವರು ನಾಲ್ಕು ಪ್ರಾಂತ್ಯಗಳು ಎಂದು ಅದರಲ್ಲಿತ್ತಂತೆ. ಹೊತ್ತವರು ಆರು ಜನ. ಇಬ್ಬರು ಸುಮ್ಮನೆ ಕೈ ತಾಗಿಸಿಕೊಂಡು ಬಂದವರು. ಆದರೆ ಆ ಲೇಖನ ಕಳಿಸಿದ ಲಕೋಟೆಯಲ್ಲೇ ಗೊಂಡ್ವೆಗೆಂದು ಉಣ್ಣೆಯ ಕಾಲುಚೀಲವನ್ನೂ ಕಳಿಸಿದ್ದರು, ನಮ್ಮ ಸೆಕೆಯಲ್ಲಿ ಅವನು ಅದನ್ನು ಹಾಕಿಕೊಂಡೇ ತಿರುಗಿದ.

ಊಟಕ್ಕೆ ಹೋಗಬೇಕಿದ್ದ ಮನೆಗಳೆಲ್ಲ ಮುಗಿದ ದಿನ, ಸಂಜೆ, ಮಾವ ಸೊಸೆ ಮನೆಗೆ ಬರುತ್ತಿದ್ದರು. ಗೊಂಡ್ವೆಗೆ ಉಸಿರು ಸಾಲದೆ ದಾರಿಯ ಮೋರಿಕಟ್ಟೆಯ ಮೇಲೆ ಕೂತ. ತಮಾಂಡ ಪಕ್ಕದಲ್ಲಿ ಕೂತಳು. ಎದುರಿಗೆ ಸರೋವರದ ಮೇಲೆ ಬಲೆಯ ದೋಣಿಗಳು ಹೊರಡುತ್ತಿದ್ದವು.

"ಆ ಊಟ ಎಲ್ಲಾ ನನಗಲ್ಲ ಅಂತ ನನಗೆ ಗೊತ್ತಿಲ್ವಾ?" ಅಂದ ಗೊಂಡ್ವೆ.

ಅವಳು ಆಶ್ಚರ್ಯದಿಂದ ನೋಡಿದಳು.

"ಈ ಊರಲ್ಲೇ ಹುಟ್ಟಿದವನು ನಾನು. ಯಾವ ಮಾವ ಅಂತ ನನಗೆ ಗೊತ್ತಾಗಲ್ವಾ? ಮೊದಲ ದಿನ ನಿನ್ನ ಬಿಡಿಸೋಕೆ ಅಂತ ಕೇಳ್ದೆ. ಆಮೇಲೆ ಕೋಳಿ ರುಚಿಯಾಗಿತ್ತು." ಮೊಣಕಾಲು ಉಜ್ಜಿಕೊಳ್ಳುತ್ತಾ ಕೇಳಿದ: "ಒಂದು ವೇಳೆ ಸುದ್ದಿ ನಂದೇ ಅಂತ ಮೊದಲೇ ಗೊತ್ತಾಗಿದ್ರೆ, ನಾನು ಸತ್ತೇಹೋಗಿದ್ರೆ, ಜನ ಏನು ಮಾಡ್ತಿದ್ರು?"

ತಮಾಂಡ ಯೋಚಿಸಿದಳು. "ನಿಜ ಹೇಳ್ಲಾ ಮಾವ, ಸುಳ್ಳು ಹೇಳ್ಲಾ?"

ಗೊಂಡ್ವೆ ದೋಣಿಗಳ ಕಡೆ ನೋಡಿದ. "ಸುಳ್ಳೇ ಹೇಳು."

"ಇಡೀ ಊರು ಅಳ್ತಿತ್ತು," ಅಂದಳು.

"ಬಡಗೀನೂ?"

"ಬಡಗಿ ಎಲ್ಲರಿಗಿಂತ ಜಾಸ್ತಿ."

ಮುದುಕ ತೃಪ್ತಿಯಿಂದ ತಲೆಯಾಡಿಸಿ, ಎಬ್ಬಿಸು ಎಂದು ಕೈ ಮುಂದೆ ಚಾಚಿದ.